ಪಠ್ಯ ನಿಂತಲ್ಲಿಂದ ಮುಂದೆ

ಹುಮನಾಬಾದಿನಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ನಾನು. ಜೀನ್ ಚಿಕಿತ್ಸೆಯ ಪಾಠ ಬಂತೆಂದರೆ ನನಗೆ ಗಂಟೆ ಹೊಡೆದದ್ದೂ ಕೇಳುವುದಿಲ್ಲ. 1990ರಲ್ಲಿ ಅಮೆರಿಕದ 4 ವರ್ಷದ ಹುಡುಗಿಯ ಬಿಳಿ ರಕ್ತಕಣ ಹೊರತೆಗೆದು, ಅವಳಲ್ಲಿ ಕೆಟ್ಟಿದ್ದ, ರೋಗನಿರೋಧಕ ಶಕ್ತಿಗೆ ಬೇಕಾದ ಎಡಿಎ ಜೀನಿನ ಸರಿಯಾದ ಪ್ರತಿಯನ್ನು ವೈರಸ್ ಮೂಲಕ ಸೇರಿಸಿ ಮರಳಿ ಏರಿಸಿದರು. ಆದರೆ ಆ ಕಣಗಳಿಗೆ ಆಯುಷ್ಯವಿಲ್ಲ, ಚಿಕಿತ್ಸೆ ಮತ್ತೆ ಮತ್ತೆ ಬೇಕು. ರಕ್ತವನ್ನೇ ಹುಟ್ಟಿಸುವ ಆಕರಕೋಶಕ್ಕೆ, ಅಂದರೆ ಸ್ಟೆಮ್ ಸೆಲ್‌ಗೆ, ಜೀನ್ ಸೇರಿಸಿದರೆ?

ವೆಲ್ಲೂರಿನ ಸಿಎಂಸಿಯಲ್ಲಿ ಅಲೋಕ್ ಶ್ರೀವಾಸ್ತವ ಅವರ ತಂಡ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇದ್ದ ಐವರಿಗೆ ಇದನ್ನೇ ಮಾಡಿತು. 2024ರ ಡಿಸೆಂಬರ್‌ನ ವರದಿಯ ಪ್ರಕಾರ, ನಿಗಾ ಇಟ್ಟಷ್ಟು ಕಾಲ ಐವರಲ್ಲೂ ರಕ್ತಸ್ರಾವವಾಗಲಿಲ್ಲ. ಅಲ್ಲಿನ ಆಕರಕೋಶ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ.

ಆ ಇನ್‌ಸ್ಟೆಮ್‌ಗೆ ನಿರ್ದೇಶಕಿಯಾದ ಮನೀಷಾ ಇನಾಂದಾರ್ ಹಣ್ಣುನೊಣದ ಸಂಶೋಧನೆಯಿಂದ ಬಂದವರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅವರ ತಂಡ, ಸಂತಾನ ಚಿಕಿತ್ಸೆಯಲ್ಲಿ ಬಳಕೆಗೆ ಬಾರದೆ ಉಳಿದ ಭ್ರೂಣಗಳಿಂದ ಎರಡು ಆಕರಕೋಶ ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಇಂಥ ಕೋಶಗಳನ್ನು ಸಾಕುವುದು ಸಣ್ಣ ಕೆಲಸವಲ್ಲ. 37 ಡಿಗ್ರಿ ಶಾಖ ತಪ್ಪುವಂತಿಲ್ಲ. ಹಬ್ಬವಿರಲಿ, ಭಾನುವಾರವಿರಲಿ, ಪೋಷಕ ದ್ರವ ಬದಲಿಸಲೇಬೇಕು. ಗುಂಪಿನ ಅಂಚಿನ ಕೋಶಗಳು ಬೇರೆ ರೂಪ ತಾಳತೊಡಗಿದರೆ ಸೂಕ್ಷ್ಮದರ್ಶಕದಡಿ ಅಷ್ಟನ್ನೇ ಕೆರೆದು ತೆಗೆಯಬೇಕು. ರಕ್ತದ ಆಕರಕೋಶ ಯಾವಾಗ ಹಾಗೇ ಉಳಿಯಬೇಕು, ಯಾವಾಗ ಮಾಗಬೇಕು ಎಂಬುದರಲ್ಲಿ ಅಸೃಜ್ ಎಂಬ ಪ್ರೋಟೀನಿನ ಪಾತ್ರವನ್ನು ಅವರ ತಂಡ ನೊಣದಲ್ಲೂ ಇಲಿಯಲ್ಲೂ ವರ್ಷಗಟ್ಟಲೆ ಬೆನ್ನುಹತ್ತಿದೆ. 2018ರಲ್ಲಿ ಚೀನಾದಲ್ಲಿ ಜೀನ್ ತಿದ್ದಿದ ಅವಳಿ ಮಕ್ಕಳ ಸುದ್ದಿ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ತಜ್ಞರ ಸಮಿತಿಯಲ್ಲೂ ಅವರಿದ್ದರು.

ಈ ನಿಧಾನದ ಕೆಲಸವನ್ನು ಜನ ಅರಿಯಬೇಕು ಎಂದು ನಾನು ಹಟ ಹಿಡಿಯಲು ಕಾರಣವಿದೆ. ಬಸವಕಲ್ಯಾಣದ ನಮ್ಮ ಓಣಿಯವರೊಬ್ಬರ ಮಗನಿಗೆ ಸ್ನಾಯುಕ್ಷಯ. ಒಂದು ಸಂಜೆ ಅವರು ಮನೆಗೆ ಬಂದು, “ಸರ, ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದ್ರ ಹುಡುಗ ಎದ್ದು ನಡಿತಾನ ಅಂತ ಹೇಳ್ಯಾರ್ರಿ. ಎರಡು ಎಕ್ರಿ ಹೊಲ ಮಾರ್ಲೇನ್ರಿ?” ಎಂದರು.

“ಮಾರಬ್ಯಾಡ್ರಿ ಅಣ್ಣಾ” ಎಂದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಆಕರಕೋಶಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬೇಕು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಪ್ರಯೋಗವಾದರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನು ಕೇಳಿ ಎಂದು ಚೀಟಿಯ ಮೇಲೆ ಬರೆದುಕೊಟ್ಟೆ. ಅವರು ಅಲ್ಲೇ ಕೂತು, ಇಂಜೆಕ್ಷನ್ ಹಾಕುತ್ತೇವೆಂದವರಿಗೆ ಫೋನ್ ಮಾಡಿ ಕೇಳಿದರು. ಆ ಕಡೆಯವರು ಸಂಖ್ಯೆ ಹೇಳದೆ ಫೋನ್ ಇಟ್ಟರು.