ಗೊಟಗೋಡಿಯ ಸಿಮೆಂಟಿನ ಎತ್ತು, ದುಂಡಸಿಯ ತಗಡಿನ ಟ್ರಂಕು

ದೀಪಾವಳಿ ಪಾಡ್ಯ ಮುಗಿಯಿತೆಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹುಡುಗರ ಬಾಯಲ್ಲಿ ಊರ ಹಿರಿಯರ ಹೆಸರಿಗಿಂತ ಹೋರಿಗಳ ಹೆಸರೇ ಹೆಚ್ಚು. ಯಾವ ಹೋರಿ ಯಾವ ಅಖಾಡದಲ್ಲಿ ಕೊರಳ ಕೊಬ್ಬರಿ ಸರ ಹರಿಗೊಡದೆ ಗೆರೆ ದಾಟಿತು, ಯಾವುದಕ್ಕೆ ಬೈಕು ಬಂತು, ಯಾವುದು ಈ ಸಲ ಮಂಕಾಯಿತು ಎಂಬುದೆಲ್ಲ ಚಹಾದಂಗಡಿಯಲ್ಲಿ ಪುಕ್ಕಟೆ ಸಿಗುವ ಸುದ್ದಿ. ಹೋರಿಗೊಂದು ಅಭಿಮಾನಿ ಬಳಗ, ಬಳಗಕ್ಕೊಂದು ಬಾವುಟ, ಹೆಸರು ಅಚ್ಚು ಹಾಕಿಸಿದ ಅಂಗಿ. ಸತ್ತ ಹೋರಿಗೆ ಹೂವಿನ ಮೆರವಣಿಗೆ ತೆಗೆದು, ಬ್ಯಾನರ್ ಕಟ್ಟಿ, ತಿಥಿಯೂಟ ಹಾಕುವ ಊರುಗಳಿವೆ.

ಇಷ್ಟು ಹುಚ್ಚು ಹಚ್ಚಿಸುವ ಹೋರಿ ಹಬ್ಬದ ಆಟಕ್ಕೆ ಒಂದು ಮ್ಯೂಸಿಯಂ ಯಾಕಿಲ್ಲ ಎಂಬ ಪ್ರಶ್ನೆ ಇಟ್ಟುಕೊಂಡೇ ನಾನು ಗೊಟಗೋಡಿಗೆ ಹೋದದ್ದು. ಶಿಗ್ಗಾವಿ ತಾಲ್ಲೂಕಿನ ಈ ಹಳ್ಳಿ ಹುಬ್ಬಳ್ಳಿ-ಹಾವೇರಿ ಹೆದ್ದಾರಿಗೇ ಅಂಟಿಕೊಂಡಿದೆ. ಜಾನಪದ ವಿಶ್ವವಿದ್ಯಾಲಯವೂ ಇಲ್ಲೇ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನೂ ಇಲ್ಲೇ. ದೊಡ್ಡಾಟದ ಮೇಳದಲ್ಲಿ ಬೆಳೆದ ಕಣ್ಣು ಅವರದು, ಅದು ಇಲ್ಲಿನ ಒಂದೊಂದು ಮುಖದಲ್ಲೂ ಕಾಣುತ್ತದೆ. ಕಮ್ಮಾರ, ಕುಂಬಾರ, ಬಡಿಗ, ಮಜ್ಜಿಗೆ ಕಡೆಯುವ ಹೆಣ್ಣುಮಗಳು, ಕೊಟ್ಟಿಗೆಯ ದನ, ಎಲ್ಲವೂ ಆಳೆತ್ತರದ ಸಿಮೆಂಟಿನಲ್ಲಿ. ರಾಜಕುಮಾರ್ ಪಾತ್ರಗಳ ವೃತ್ತದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ತಪ್ಪುವುದೇ ಇಲ್ಲ. 2020ರಲ್ಲಿ ಸೊಲಬಕ್ಕನವರ ತೀರಿಕೊಂಡರು. ಅವರು ಬಿಟ್ಟುಹೋದ ಸಿಮೆಂಟಿನ ಜನ ಮಾತ್ರ ತಮ್ಮ ಕೆಲಸ ನಿಲ್ಲಿಸಿಲ್ಲ.

ಅಲ್ಲಿಯ ಎತ್ತಿನ ಕೊರಳ ಗಂಗೆದೊಗಲಿನ ನೆರಿಗೆ ನೋಡಿದರೆ, ಮಾಡಿದವನು ಕೊಟ್ಟಿಗೆಯಲ್ಲಿ ಮಲಗೆದ್ದವನೇ ಎಂದು ಒಪ್ಪಿಕೊಳ್ಳಬೇಕು. ಆದರೆ ಅದು ಯಾವ ಎತ್ತೂ ಆಗಬಹುದಾದ ಎತ್ತು. ಅದಕ್ಕೆ ಹೆಸರಿಲ್ಲ, ಗೆದ್ದ ಅಖಾಡವಿಲ್ಲ, ಸೋತ ದಿನವಿಲ್ಲ. ಶಿಲ್ಪವಾಗಿ ಅದು ಸಾಕು. ಆಟದ ಮ್ಯೂಸಿಯಂ ಆಗಬೇಕಾದರೆ ತಾರೀಖು ಬೇಕು.

ತಾರೀಖು ಸುಳ್ಳಾದರೂ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಕೂಪರ್ಸ್‌ಟೌನ್ ಸಾಕ್ಷಿ. ನ್ಯೂಯಾರ್ಕ್ ರಾಜ್ಯದ ಆ ಊರಿನಲ್ಲಿ ಎರಡು ಸಾವಿರ ಜನವೂ ಇಲ್ಲ. ಆದರೂ ಬೇಸ್‌ಬಾಲ್ ಆಟದ ಬಹುದೊಡ್ಡ ಮ್ಯೂಸಿಯಂ ಅಲ್ಲಿದೆ. ಬ್ಯಾಟು, ಚೆಂಡು, ಗ್ಲೌಸು ಅಂತ ಸುಮಾರು 40 ಸಾವಿರ ವಸ್ತು ಕೂಡಿಹಾಕಿದ್ದಾರೆ. ಅಬ್ನರ್ ಡಬಲ್‌ಡೇ ಎಂಬಾತ 1839ರಲ್ಲಿ ಈ ಊರಿನಲ್ಲೇ ಬೇಸ್‌ಬಾಲ್ ಕಂಡುಹಿಡಿದ ಎಂದು ಒಬ್ಬ ಮುದುಕ ಬರೆದ ಪತ್ರವನ್ನು ನಂಬಿ, 1907ರಲ್ಲಿ ಒಂದು ಸಮಿತಿ ತೀರ್ಪು ಕೊಟ್ಟುಬಿಟ್ಟಿತು. ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಓದುತ್ತಿದ್ದ. 1930ರ ದಶಕದಲ್ಲಿ, ಪಕ್ಕದ ಫ್ಲೈ ಕ್ರೀಕ್ ಹಳ್ಳಿಯ ಅಟ್ಟದ ಮೇಲಿನ ಹಳೆಯ ಟ್ರಂಕಿನಲ್ಲಿ ಹೊಲಿಗೆ ಬಿಟ್ಟ ಒಂದು ಚೆಂಡು ಸಿಕ್ಕಿತು. ಊರಿನ ಶ್ರೀಮಂತ ಸ್ಟೀಫನ್ ಕ್ಲಾರ್ಕ್ ಐದು ಡಾಲರಿಗೆ ಅದನ್ನು ಕೊಂಡು, ಡಬಲ್‌ಡೇ ಚೆಂಡು ಎಂದು ಪ್ರದರ್ಶನಕ್ಕಿಟ್ಟ. ಆರ್ಥಿಕ ಮಹಾಕುಸಿತದ ಕಾಲ, ಊರಿಗೆ ಪ್ರವಾಸಿಗರು ಬೇಕಿತ್ತು. 1939ರ ಜೂನ್ 12ರಂದು ಮ್ಯೂಸಿಯಂ ಬಾಗಿಲು ತೆರೆಯಿತು. ಕತೆ ಸುಳ್ಳೆಂದು ಇವತ್ತು ಮ್ಯೂಸಿಯಮ್ಮೇ ಒಪ್ಪುತ್ತದೆ, ಚೆಂಡನ್ನು ಮಾತ್ರ ಬಿಸಾಡಿಲ್ಲ. ಬುದ್ಧಿವಂತರು.

ನಮ್ಮಲ್ಲಿ ಟ್ರಂಕಿಗೇನು ಬರವೇ? ಗೊಟಗೋಡಿಯಿಂದ ದುಂಡಸಿಯ ಹಾದಿ ಹಿಡಿದರೆ ಬಯಲು ಸರಿದು, ಮುಂಡಗೋಡದ ಮಗ್ಗುಲಿನ ಕಾಡಿನ ಗಾಳಿ ಮುಖಕ್ಕೆ ತಾಗುತ್ತದೆ. ಅಲ್ಲಿ ಹೋರಿ ಸಾಕಿದವರ ಮನೆಯೊಂದರ ಪಡಸಾಲೆಯಲ್ಲಿ ತಗಡಿನ ಟ್ರಂಕು ಬಿಚ್ಚಿ ತೋರಿಸಿದರು. ಮೇಲೆ ಕನ್ನಡಿ ಚೂರು ಹೊಲಿದ ಜೂಲ, ಅದರ ಅಂಚಿನಲ್ಲಿ ಇಲಿ ಕಡಿದ ಒಂದು ತೂತು. ಕೆಳಗೆ ಹಿತ್ತಾಳೆಯ ಕೋಡಣಸು ಒಂದೇ ಒಂದು, ಜೊತೆಯದು ಅಖಾಡದಲ್ಲಿ ಕಳಚಿಬಿದ್ದು ಯಾರ ಪಾಲಾಯಿತೋ. ಗೆಜ್ಜೆಸರ, ಹಣೆಪಟ್ಟಿ, ಬಣ್ಣ ಮಾಸಿದ ರಿಬ್ಬನ್ನಿನ ಗಂಟು. ತಳದಲ್ಲಿ ದಾರಕ್ಕೆ ಪೋಣಿಸಿದ ಕೊಬ್ಬರಿ ಬಟ್ಟಲು ಕೆಲವು, ಎಣ್ಣೆ ಬಿಟ್ಟು ಕರ್ರಗಾಗಿ ಕಟ್ಟಿಗೆಯಂತೆ ಒಣಗಿದ್ದವು. ‘ಇವು ಹರೀಲಾರದ ಕೊಬ್ಬರಿರಿ, ಹಂಗಽ ಇಟ್ಟೇವಿ’ ಎಂದರು ಮನೆಯ ಹಿರಿಯರು. ಯಾವ ವರ್ಷದ್ದು ಎಂದೆ. ‘ಮಳಿ ಹೋಗಿತ್ತಲ್ಲರಿ, ಆ ವರ್ಷ.’ ಮಳೆ ಹೋದ ವರ್ಷ ನಮ್ಮ ಕಡೆ ಒಂದೇ?

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಎರಡೂ ಬದಿಯಿಂದ ಪೈಲ್ವಾನರು ಮೇಲೆ ಬೀಳುತ್ತಾರೆ. ಕೊಬ್ಬರಿ ಹರಿದರೆ ಗೆಲುವು ಹಿಡಿದವನದು, ಹರಿಗೊಡದೆ ಗೆರೆ ದಾಟಿದರೆ ಹೋರಿಯದು. ಕೋಡಿನ ಮೇಲೆ ಆಳೆತ್ತರದ ಅಲಂಕಾರ ಹೊತ್ತು, ಬಲೂನು ತೂರಾಡಿಸುತ್ತ ಓಡುವುದು ಪೀಪಿ ಹೋರಿ. ಅದರ ಗತ್ತೇ ಬೇರೆ. ಅಮೃತಮಹಲ್, ಹಳ್ಳಿಕಾರ್ ತಳಿಯವಕ್ಕೆ ಮರ್ಯಾದೆ ಹೆಚ್ಚು. ವರ್ಷವಿಡೀ ಹುರುಳಿ, ಹತ್ತಿಕಾಳು, ಈಜು, ಓಟ. ಹೊಲದ ಕೆಲಸಕ್ಕೆ ಟ್ರ್ಯಾಕ್ಟರು ಬಂದ ಮೇಲೂ ಗಂಡುಕರು ಕಟುಕರ ಪಾಲಾಗದೆ ಕೊಟ್ಟಿಗೆಯಲ್ಲಿ ಉಳಿದಿದ್ದರೆ, ಅದರಲ್ಲಿ ಈ ಹಬ್ಬದ ಪಾಲೂ ಇದೆ.

ಮ್ಯೂಸಿಯಂ ಕಟ್ಟುವವರು ಜೂಲ, ಕೋಡಣಸು ತೂಗುಹಾಕಿ ಕೈ ತೊಳೆದುಕೊಳ್ಳಬಾರದು. ಹಬ್ಬದ ಮರುದಿನದ ಪತ್ರಿಕೆಯಲ್ಲಿ ತಿವಿತಕ್ಕೆ ಸತ್ತವರ ಸುದ್ದಿಯೂ ಇರುತ್ತದೆ. ಹಿಡಿಯುವವರಷ್ಟೇ ಅಲ್ಲ, ದಾರಿಯಲ್ಲಿ ನೋಡುತ್ತ ನಿಂತವರೂ. ಗುಂಪಿನ ಗದ್ದಲಕ್ಕೆ ಬೆದರಿ ಬಾವಿಗೆ ಬಿದ್ದ, ಕಾಲು ಮುರಿದುಕೊಂಡ ಹೋರಿಗಳೂ ಉಂಟು. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಹೋರಿ ಹಿಡಿಯುವ ಆಟವಾದ ಜಲ್ಲಿಕಟ್ಟಿಗೆ ತಡೆ ಹಾಕಿದಾಗ ಅದರ ಬಿಸಿ ಇಲ್ಲಿಗೂ ತಾಗಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಇಂಥ ಆಟಗಳಿಗೆ ಅವಕಾಶ ಕೊಡಲು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ತಂದ ಕಾನೂನು ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕೋರ್ಟಿನ ಈ ಕಾಗದಗಳಿಗೂ ಮ್ಯೂಸಿಯಮ್ಮಿನಲ್ಲಿ ಒಂದು ಗೋಡೆ ಬೇಕು, ಸತ್ತವರ ಹೆಸರಿಗೆ ಇನ್ನೊಂದು. ಬಳಗದವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಕೂಪರ್ಸ್‌ಟೌನಿನಲ್ಲಿ ನನಗೆ ಹೊಟ್ಟೆಕಿಚ್ಚಾಗುವುದು ಚೆಂಡಿನ ಮೇಲಲ್ಲ, ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತನ ಮೇಲೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ಬರೆಯುತ್ತಿದ್ದ ಈತ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಬೇಸ್‌ಬಾಲ್ ಪಂದ್ಯದ ಸ್ಕೋರನ್ನು ಒಂದು ಪುಟ್ಟ ಚೌಕಟ್ಟಿನಲ್ಲಿ ಪತ್ರಿಕೆಗೆ ಹಾಕುವ ರೂಢಿ ತಂದ. ಯಾರು ಎಷ್ಟು ಓಡಿದರು, ಯಾರು ಔಟಾದರು ಎಂಬ ಲೆಕ್ಕ ಊರೂರಿಗೂ ಉಳಿಯಿತು. ಅದಕ್ಕೇ 1938ರಲ್ಲಿ ಬೇಸ್‌ಬಾಲ್ ಆಟಗಾರರ ಗೌರವ ಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸಿದರು. ಅಲ್ಲಿ ಮ್ಯೂಸಿಯಂ ಕಟ್ಟಲು ಬೇಕಾದ ಸಾಮಾನು ಕಟ್ಟಡಕ್ಕಿಂತ ಎಷ್ಟೋ ಮೊದಲೇ ಕಾಗದದ ಮೇಲೆ ತಯಾರಿತ್ತು.

ಆ ಕಾಗದ ನಮ್ಮಲ್ಲೂ ಇದೆ. ಅಖಾಡದ ಬದಿಯ ಪೆಂಡಾಲಿನಲ್ಲಿ ಮೈಕು ಹಿಡಿದವನ ಪಕ್ಕ ಒಬ್ಬ ಹುಡುಗ ಎಂಟ್ರಿ ಬುಕ್ ಬರೆಯುತ್ತಿರುತ್ತಾನೆ. ಹೋರಿಯ ಹೆಸರು, ಊರು, ಮಾಲೀಕ, ಪಾವತಿ ನಂಬರು, ಆಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು ಅಥವಾ ಟಿಕ್ಕು. ಬಹುಮಾನ ಹಂಚಿ, ಪೆಂಡಾಲಿನವನ ಬಾಕಿ ತೀರಿದ ಮೇಲೆ ಆ ನೋಟ್‌ಬುಕ್ಕು ಯಾರಿಗೂ ಬೇಡ. ಮೊಬೈಲಿನಲ್ಲಿ ವಿಡಿಯೊ ಇದೆಯಲ್ಲ ಎನ್ನುತ್ತಾರೆ. ಇದೆ, ಹಾಡು ಹಚ್ಚಿ, ನಿಧಾನಗತಿಯಲ್ಲಿ ಓಡಿಸಿದ ವಿಡಿಯೊ. ಊರು, ವರ್ಷ ಹುಡುಕಿದರೆ ಸಿಗುವುದಿಲ್ಲ. ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಇದೆ, ಈ ನಾಲ್ಕು ತಾಲ್ಲೂಕುಗಳಿಂದ ಓದಲು ಬರುವ ಹುಡುಗರಿದ್ದಾರೆ. ಈ ಹಂಗಾಮಿನಲ್ಲಿ ಅಖಾಡಕ್ಕೆ ಹೋದವರು ಬರುವಾಗ ಸಮಿತಿಯವರನ್ನು ಕೇಳಿ ಆ ಎಂಟ್ರಿ ಬುಕ್ ಎತ್ತಿಕೊಂಡು ಬಂದರೂ ಕೆಲಸ ಶುರುವಾದಂತೆ. ಕೊಡುವುದಿಲ್ಲ ಎನ್ನುವವರು ಯಾರೂ ಇಲ್ಲ, ಇದುವರೆಗೆ ಕೇಳಿದವರಿಲ್ಲ ಅಷ್ಟೇ.