ಎರಡು ಬಗೆಯ ಬಡತನ



ಬೀದರಿನಿಂದ ಭಾಲ್ಕಿಯ ಮಾರ್ಗವಾಗಿ ಔರಾದಿಗೆ ಹೋಗತಕ್ಕವರಿಗೆ, ಕೆಂಪು ಜಂಬಿಟ್ಟಿಗೆಯ ನೆಲ ಮುಗಿದು ಕರಿಯ ಎರೆಯ ನೆಲ ಮೊದಲಾಗುವುದು ಕಾಣುತ್ತದೆ. ಕಳೆದ ಸುಗ್ಗಿಯಲ್ಲಿ ಮಿತ್ರರೊಬ್ಬರೊಡನೆ ನಾನು ಆ ದಾರಿಯಲ್ಲಿ ಹೋಗಿದ್ದೆ. ಭಾಲ್ಕಿಯ ಕಡೆ ಅವರಿಗೆ ಕಬ್ಬಿನ ಹೊಲಗಳುಂಟು, ಬೀದರಿನಲ್ಲಿ ಮೂರು ಮನೆಗಳುಂಟು. ಗುಳಿಗೆಯಿಲ್ಲದೆ ರಾತ್ರಿ ನಿದ್ರೆಯಿಲ್ಲವೆಂಬುದನ್ನು ಅವರೇ ಹೇಳಿಕೊಂಡರು. ಔರಾದ್ ತಾಲ್ಲೂಕಿನ ಹಳ್ಳಿಯೊಂದರ ಕ್ರೈಸ್ತ ದೇವಾಲಯದಲ್ಲಿ ಅಂದು ಸುಗ್ಗಿಯ ಕಾಣಿಕೆ. ಕೂಲಿಮಾಡುವ ಮುದುಕಿಯೊಬ್ಬಳು ಮೊರದಲ್ಲಿ ಜೋಳ ತಂದು ಇಟ್ಟಳು. ನನ್ನ ಮಿತ್ರರು ಕಣ್ಣು ತುಂಬಿಕೊಂಡು, “ನಮಗಿಲ್ಲದ ಸಮಾಧಾನ ನಿಮಗಿದೆಯಮ್ಮಾ” ಎಂದರು. ಆಕೆ, “ಸಮಾಧಾನ ಅದ ರೀ ಸಾಹೇಬ್ರೆ, ಬ್ಯಾಸಗಿಗಿ ಜ್ವಾಳ ಇಲ್ಲ” ಎಂದಳು. ಆಕೆಯ ಮಗ ಮರುವಾರ ಕೂಲಿಗಾಗಿ ಹೈದರಾಬಾದಿಗೆ ಹೊರಡುವವನಿದ್ದ.

ಐಶ್ವರ್ಯವಂತನ ಬರಿದಾದ ಮನಸ್ಸು ಒಂದು ಬಡತನ, ಬಡವನ ಬರಿದಾದ ಕಣಜ ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಅವನಿಗೆ ಹಣ, ಇವನಿಗೆ ನೆಮ್ಮದಿ ಎಂದು ದೇವರು ಸರಿಯಾಗಿ ಹಂಚಿದ್ದಾನೆಂದು ಹೇಳುವುದು ನಮ್ಮಂಥ ಪಟ್ಟಣಿಗರಿಗೆ ಬಹಳ ಅನುಕೂಲವಾದ ವೇದಾಂತ. ಕ್ರೈಸ್ತ ಶಾಸ್ತ್ರವು ಇದಕ್ಕೆ ಒಪ್ಪುವುದಿಲ್ಲವೆಂದು ನಾನು ತಿಳಿದಿದ್ದೇನೆ. ಮತ್ತಾಯನ ಸುವಾರ್ತೆಯಲ್ಲಿ ಕ್ರಿಸ್ತನು ಧನ್ಯರೆನ್ನುವುದು ಆತ್ಮದಲ್ಲಿ ಬಡವರಾದವರನ್ನು. ಲೂಕನಲ್ಲಿ ಆ ವಿಶೇಷಣವೇ ಇಲ್ಲ. ಅಲ್ಲಿ ಧನ್ಯರು ಬರಿಯ ಬಡವರು, ಅವರ ಬೆನ್ನಿಗೇ ಧನಿಕರಿಗೆ ಕಠಿನವಾದ ಎಚ್ಚರಿಕೆಯೂ ಬರುತ್ತದೆ. ಗ್ರೀಕ್ ಮೂಲದಲ್ಲಿ ಇಬ್ಬರೂ ಬಳಸಿರುವುದು ‘ಪ್ತೋಖೋಸ್’ ಎಂಬ ಪದ. ದುಡಿದು ಹೇಗೋ ಉಣ್ಣುವ ಬಡವನಿಗೆ ಆ ಭಾಷೆಯಲ್ಲಿ ‘ಪೆನೇಸ್’ ಎಂಬ ಬೇರೆ ಮಾತುಂಟು. ಪ್ತೋಖೋಸ್ ಎಂದರೆ ಕುಗ್ಗಿ ಕೈಚಾಚಿದ ಭಿಕ್ಷುಕ. ಆದ್ದರಿಂದ ಆತ್ಮದಲ್ಲಿ ಬಡವನೆಂದರೆ ಆತ್ಮವಿಲ್ಲದವನಲ್ಲ, ದೇವರ ಮುಂದೆ ತನ್ನದೇನೂ ಇಲ್ಲವೆಂದು ಬಲ್ಲವನು. ಇದರ ಪ್ರತಿರೂಪ ಪ್ರಕಟನೆಯ ಗ್ರಂಥದಲ್ಲಿ ಬರುವ ಲವೊದಿಕೀಯ ಪಟ್ಟಣದ ಸಭೆ. ಕ್ರಿ. ಶ. ೬೦ರ ಭೂಕಂಪದಲ್ಲಿ ಆ ಪಟ್ಟಣ ಬಿದ್ದಾಗ, ರೋಮಿನ ನೆರವಿಲ್ಲದೆ ತನ್ನ ಹಣದಿಂದಲೇ ಮತ್ತೆ ಎದ್ದಿತೆಂದು ಟ್ಯಾಸಿಟಸನು ಬರೆದಿದ್ದಾನೆ. ತನಗೆ ಯಾವ ಕೊರತೆಯೂ ಇಲ್ಲವೆಂಬ ಆ ಅಭ್ಯಾಸವೇ ಅಲ್ಲಿಯ ಸಭೆಗೂ ಹತ್ತಿರಬೇಕು.

ಬೀದರಿನಲ್ಲಿಯೇ ಈ ಎರಡು ಬಡತನಗಳನ್ನೂ ಕಂಡ ಕ್ರೈಸ್ತನೊಬ್ಬನಿದ್ದನು. ಸುಮಾರು ೧೪೭೦ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನು ಒಂದು ಗಂಡುಕುದುರೆಯನ್ನು ಮಾರಲು ಬಹಮನಿ ರಾಜಧಾನಿಗೆ ಬಂದನು. ಇಲ್ಲಿಯ ಶ್ರೀಮಂತರು ಬೆಳ್ಳಿಯ ಮಂಚಗಳ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದುದನ್ನೂ, ಮುಂದೆ ಚಿನ್ನದ ಸಜ್ಜಿನ ಇಪ್ಪತ್ತು ಕುದುರೆ, ಹಿಂದೆ ಮುನ್ನೂರು ರಾವುತರು, ಐನೂರು ಕಾಲಾಳು ನಡೆಯುತ್ತಿದ್ದುದನ್ನೂ ಅವನು ಎಣಿಸಿ ಬರೆದಿಟ್ಟಿದ್ದಾನೆ. ಹಳ್ಳಿಯ ಜನಕ್ಕೆ ಮೈಮೇಲೆ ಬಟ್ಟೆಯಿಲ್ಲವೆಂಬುದನ್ನೂ ಅಲ್ಲಿಯೇ ಬರೆದಿದ್ದಾನೆ. ಅವರು ಬಡವರಾದರೂ ಸುಖಿಗಳೆಂದು ಮಾತ್ರ ಬರೆಯಲಿಲ್ಲ. ವರ್ತಕನಾದ್ದರಿಂದ ಲೆಕ್ಕ ಸರಿಯಾಗಿತ್ತೆಂದು ತೋರುತ್ತದೆ.

ಅವನ ಸ್ವಂತ ಕೊರತೆ ಬೇರೆಯದು. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮಗ್ರಂಥಗಳು ಹೋಗಿದ್ದವು. ಅವಿಲ್ಲದೆ ಈಸ್ಟರ್ ಯಾವಾಗ, ಉಪವಾಸದ ದಿನ ಯಾವುದು ಎಂಬುದೇ ತಿಳಿಯದಾಯಿತು. ಜುನ್ನರಿನಲ್ಲಿ ಅಧಿಕಾರಿಯೊಬ್ಬನು ಕುದುರೆಯನ್ನು ಹಿಡಿದುಕೊಂಡು, ಮತಾಂತರವಾದರೆ ಅದನ್ನೂ ಸಾವಿರ ಚಿನ್ನದ ನಾಣ್ಯವನ್ನೂ ಕೊಡುವೆನೆಂದನು. ನಿಕಿತಿನನು ಒಪ್ಪಲಿಲ್ಲ, ಖೊರಾಸಾನಿನ ಮುಸಲ್ಮಾನ ಸಜ್ಜನನೊಬ್ಬನು ನಡುವೆ ಬಂದು ಅವನನ್ನೂ ಕುದುರೆಯನ್ನೂ ಬಿಡಿಸಿದನು. ಅಷ್ಟು ಗಟ್ಟಿಯಾಗಿ ನಿಂತವನೇ ಮುಂದೆ ಹಬ್ಬಗಳನ್ನು ಕಳೆದುಕೊಂಡೆನೆಂದು ಮಗುವಿನಂತೆ ಅಳುತ್ತಾನೆ. ಲವೊದಿಕೀಯದವರಿಗೆ ಇಲ್ಲದಿದ್ದುದು ಈ ಅಳು.

ಆಗ ಬೀದರಿನ ಮಂತ್ರಿ ಮಹಮೂದ್ ಗವಾನ್, ಗೀಲಾನಿನಿಂದ ಬಂದ ವರ್ತಕ. ೧೪೭೨ರಲ್ಲಿ ಮದರಸವನ್ನು ಕಟ್ಟಿಸಿದವನು ಇವನೇ. ೧೪೮೧ರಲ್ಲಿ ವೈರಿಗಳ ಖೋಟಾ ಪತ್ರವನ್ನು ನಂಬಿ ಮೂರನೆಯ ಮಹಮ್ಮದ್ ಷಹನು ಅವನನ್ನು ಕೊಲ್ಲಿಸಿ, ಅಪಾರ ಧನ ಸಿಕ್ಕೀತೆಂದು ಬೊಕ್ಕಸವನ್ನು ತೆರೆಸಿದನು. ಸಿಕ್ಕಿದ್ದು ಅಲ್ಪ. ಮಂತ್ರಿಯು ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದೂ, ಸ್ವಂತ ವ್ಯಾಪಾರದ ಲಾಭದಲ್ಲಿ ಮಿಕ್ಕುದನ್ನು ಬಡವರಿಗೆ ಕೊಡುತ್ತಿದ್ದನೆಂದೂ ಫೆರಿಷ್ತಾ ಹೇಳುತ್ತಾನೆ. ಮರುವರ್ಷ ಸುಲ್ತಾನನು ಸಾಯುವಾಗ, ಗವಾನನು ತನ್ನನ್ನು ಸೀಳುತ್ತಿದ್ದಾನೆಂದು ಕೂಗಿಕೊಂಡನೆಂದೂ ಅವನೇ ಬರೆದಿದ್ದಾನೆ. ಗವಾನನು ಕ್ರೈಸ್ತನಲ್ಲ. ಆದರೂ ಕೈತುಂಬ ಹಣವಿದ್ದು ಆತ್ಮದಲ್ಲಿ ಬಡವನಾಗಿರುವುದು ಹೇಗೆಂದು ವಿದ್ಯಾರ್ಥಿಗಳು ಕೇಳಿದಾಗ ನನಗೆ ಮೊದಲು ನೆನಪಾಗುವವನು ಅವನೇ. ಅವನು ಉಪವಾಸವಿದ್ದು ಬಡವರನ್ನು ಹೊಗಳಲಿಲ್ಲ. ಅವರಿಗೆ ಅನ್ನ ಹಾಕಿದನು.

ಔರಾದಿನಿಂದ ಹಿಂದಿರುಗುವಾಗ ನನ್ನ ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಬೀದರಿಗೆ ಬಂದಮೇಲೆ ಮದರಸದ ಬಳಿ ಗಾಡಿಯನ್ನು ನಿಲ್ಲಿಸಿ ಎಂದರು. ಎರಡು ಮಿನಾರುಗಳಲ್ಲಿ ಉಳಿದಿರುವ ಒಂದನ್ನು ಸ್ವಲ್ಪ ಹೊತ್ತು ನೋಡಿ, “ಆ ಮುದುಕಿಗೆ ಬೇಸಿಗೆಯವರೆಗೆ ಎಷ್ಟು ಜೋಳ ಬೇಕಾದೀತು?” ಎಂದು ಕೇಳಿದರು. ನನಗೆ ಲೆಕ್ಕ ತಿಳಿಯದು, ಆಕೆಯನ್ನೇ ಕೇಳೋಣವೆಂದೆ.