ವಾರದ ಸಭೆ, ವಾರದ ಲೆಕ್ಕ

ತಾಲ್ಲೂಕು ಕೇಂದ್ರವೊಂದರ ಪೇಟೆಬೀದಿಯಲ್ಲಿ ಸಂಜೆ ಏಳೂವರೆಯ ಹೊತ್ತಿಗೆ ಔಷಧದಂಗಡಿಯವರು, ಜವಳಿ ವ್ಯಾಪಾರಿಗಳು, ಅಡಿಕೆ ಮಂಡಿಯವರು ಗಲ್ಲಾಪೆಟ್ಟಿಗೆಯನ್ನು ಮಗನಿಗೋ ಗುಮಾಸ್ತನಿಗೋ ಒಪ್ಪಿಸಿ ಹೊರಟರೆಂದರೆ ಅಂದು ರೋಟರಿ ಸಭೆಯ ದಿನವೆಂದು ಊರಿನವರಿಗೆ ತಿಳಿಯುತ್ತದೆ. ವೈದ್ಯರು ಕೊನೆಯ ರೋಗಿಯನ್ನು ನೋಡಿ ಮುಗಿಸಿ ಬರುತ್ತಾರೆ. ವಕೀಲರು, ಗುತ್ತಿಗೆದಾರರು, ಬ್ಯಾಂಕಿನ ವ್ಯವಸ್ಥಾಪಕರು, ಕಾಲೇಜಿನ ಅಧ್ಯಾಪಕರು ಒಬ್ಬೊಬ್ಬರಾಗಿ ಸೇರುತ್ತಾರೆ. ಅಧ್ಯಕ್ಷರು ಗಂಟೆ ಬಾರಿಸಿದೊಡನೆ ಸಭೆ ಆರಂಭವಾಗುತ್ತದೆ. ಕರ್ನಾಟಕದ ಕರಾವಳಿ, ಮಲೆನಾಡು ಹಾಗೂ ಬಯಲುಸೀಮೆಯ ಅನೇಕ ಸಣ್ಣ ಊರುಗಳಲ್ಲಿ ದಶಕಗಳಿಂದ ನಡೆದುಬಂದಿರುವ ಈ ಪದ್ಧತಿ ಈಗ ಒಂದು ಕವಲುದಾರಿಯಲ್ಲಿ ನಿಂತಿದೆ. ವಾರಕ್ಕೊಮ್ಮೆ ಸೇರುವುದು ಅಗತ್ಯವೇ ಎಂಬ ಪ್ರಶ್ನೆ ಸದಸ್ಯರಲ್ಲೇ ಎದ್ದಿದೆ. ಈ ಪ್ರಶ್ನೆಯನ್ನು ವ್ಯಾಪಾರಿ ಸಮುದಾಯವು ಭಾವನೆಯಿಂದಲ್ಲ, ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ವ್ಯಾಪಾರಿಗಳಿಂದಲೇ ಹುಟ್ಟಿದ ಸಂಸ್ಥೆ

ರೋಟರಿಯ ಮೂಲವು ವಾಣಿಜ್ಯ ಜಗತ್ತಿನಲ್ಲಿಯೇ ಇದೆ. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಅವರು ಮೂವರು ಪರಿಚಿತರೊಡನೆ ಮೊದಲ ಸಭೆ ನಡೆಸಿದರು. ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಮತ್ತೊಬ್ಬರು ದರ್ಜಿ. ಸಭೆಯನ್ನು ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ನಡೆಸುತ್ತಿದ್ದುದರಿಂದ, ಸುತ್ತುವುದು ಎಂಬ ಅರ್ಥದಲ್ಲಿ ರೋಟರಿ ಎಂಬ ಹೆಸರು ಬಂದಿತು. ಮೊದಲ ವರ್ಷಗಳಲ್ಲಿ ಸದಸ್ಯರು ಪರಸ್ಪರ ವ್ಯಾಪಾರ ನೀಡಿ ಬೆಳೆಸುವುದೂ ಒಂದು ಉದ್ದೇಶವಾಗಿತ್ತು. ಒಂದೊಂದು ವೃತ್ತಿಯಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳುವ ವರ್ಗೀಕರಣ ಪದ್ಧತಿಯೂ ಆಗಲೇ ಬೆಳೆಯಿತು. ಕ್ರಮೇಣ ಸೇವೆಯ ಉದ್ದೇಶವು ಮುಂದಕ್ಕೆ ಬಂದು, 1907ರಲ್ಲಿ ಷಿಕಾಗೋ ನಗರಕ್ಕೆ ಸಾರ್ವಜನಿಕ ಶೌಚಾಲಯ ಒದಗಿಸುವ ಕಾರ್ಯವನ್ನು ಕೈಗೆತ್ತಿಕೊಳ್ಳಲಾಯಿತು. ನೇತ್ರದಾನ ಮತ್ತು ಕಣ್ಣಿನ ಶಿಬಿರಗಳಿಗಾಗಿ ನಮ್ಮ ಊರುಗಳಲ್ಲಿ ಹೆಸರಾದ ಲಯನ್ಸ್ ಸಂಸ್ಥೆಯೂ 1917ರಲ್ಲಿ ಅದೇ ನಗರದ ವ್ಯಾಪಾರಿಗಳ ಕೂಟಗಳಿಂದಲೇ ರೂಪುಗೊಂಡಿತೆಂಬುದು ಗಮನಾರ್ಹ.

ಪ್ರತಿ ಸಭೆಯಲ್ಲಿಯೂ ಸದಸ್ಯರು ಹೇಳುವ ಚತುರ್ವಿಧ ಪರೀಕ್ಷೆಯ ಹಿನ್ನೆಲೆಯೂ ವ್ಯಾಪಾರದ್ದೇ. ಹರ್ಬರ್ಟ್ ಟೇಲರ್ ಅವರು 1932ರಲ್ಲಿ ಷಿಕಾಗೋದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದನ್ನು ವಹಿಸಿಕೊಂಡಾಗ ಅದು ದಿವಾಳಿಯ ಅಂಚಿನಲ್ಲಿತ್ತು. ನೌಕರರ ನಡವಳಿಕೆಗೆ ಅಳತೆಗೋಲಾಗಿ ಅವರು ನಾಲ್ಕು ಪ್ರಶ್ನೆಗಳನ್ನು ರಚಿಸಿದರು. ಹೇಳುವುದು ಸತ್ಯವೇ, ಸಂಬಂಧಪಟ್ಟವರೆಲ್ಲರಿಗೂ ನ್ಯಾಯವೇ, ಸ್ನೇಹ ವಿಶ್ವಾಸಗಳನ್ನು ಬೆಳೆಸುವುದೇ, ಎಲ್ಲರಿಗೂ ಹಿತವೇ ಎಂಬುದು ಅವುಗಳ ತಾತ್ಪರ್ಯ. ಕೆಲವೇ ವರ್ಷಗಳಲ್ಲಿ ಕಂಪನಿಯು ಸಾಲದಿಂದ ಮುಕ್ತವಾಯಿತು. 1943ರಲ್ಲಿ ರೋಟರಿಯು ಈ ಪರೀಕ್ಷೆಯನ್ನು ಅಂಗೀಕರಿಸಿತು. ನಷ್ಟದಲ್ಲಿದ್ದ ಸಂಸ್ಥೆಯೊಂದರ ಕಚೇರಿಯಲ್ಲಿ ಜನಿಸಿದ ಈ ಪ್ರಶ್ನೆಗಳನ್ನು ಬಾಯಿಪಾಠವಾಗಿ ಒಪ್ಪಿಸುವುದಕ್ಕಿಂತ ಖಾತೆ ಪುಸ್ತಕಕ್ಕೆ ಅನ್ವಯಿಸಿ ನೋಡುವುದು ಹೆಚ್ಚು ಪ್ರಯೋಜನಕರ.

ಒಂದು ಸಭೆಯ ಕ್ರಮ

ಸಣ್ಣ ಊರಿನ ವಾರದ ಸಭೆಯು ಸಾಮಾನ್ಯವಾಗಿ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಪ್ರಾರ್ಥನೆ ಮತ್ತು ಚತುರ್ವಿಧ ಪರೀಕ್ಷೆಯ ನಂತರ ಅಧ್ಯಕ್ಷರ ಸ್ವಾಗತ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವ ಆಚರಿಸಿಕೊಂಡವರಿಗೆ ಹೂಗುಚ್ಛ. ಅನಂತರ ಕಾರ್ಯದರ್ಶಿಯ ವರದಿ. ಹಿಂದಿನ ವಾರ ಯಾವ ಶಾಲೆಗೆ ಬೆಂಚು ತಲುಪಿತು, ರಕ್ತದಾನ ಶಿಬಿರದಲ್ಲಿ ಎಷ್ಟು ಮಂದಿ ರಕ್ತ ನೀಡಿದರು, ಮುಂದಿನ ವಾರದ ಕಾರ್ಯಕ್ರಮವೇನು ಎಂಬ ವಿವರಗಳು ಅದರಲ್ಲಿರುತ್ತವೆ. ಬಳಿಕ ಅತಿಥಿಯ ಉಪನ್ಯಾಸ ಇಪ್ಪತ್ತು ನಿಮಿಷ. ತೋಟಗಾರಿಕೆ ಅಧಿಕಾರಿ ಅಡಿಕೆಯ ಕೊಳೆರೋಗದ ಬಗ್ಗೆಯೋ, ಪೊಲೀಸ್ ಅಧಿಕಾರಿ ಮೊಬೈಲ್ ವಂಚನೆಯ ಬಗ್ಗೆಯೋ ಮಾತನಾಡಬಹುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಊರಿನ ವರ್ತಕರು ಸಂಕೋಚವಿಲ್ಲದೆ ಸಂಶಯ ಕೇಳಬಹುದಾದ ವೇದಿಕೆಗಳಲ್ಲಿ ಇಂತಹ ಸಭೆಗಳೂ ಸೇರಿದ್ದವು.

ಸಭೆಗೆ ಲವಲವಿಕೆ ತರುವವರು ದಂಡಪಾಣಿ. ತಡವಾಗಿ ಬಂದವರಿಗೆ, ಲಾಂಛನದ ಪಿನ್ನು ಧರಿಸದವರಿಗೆ, ಹೊಸ ಕಾರು ಕೊಂಡು ಸುದ್ದಿ ಮುಚ್ಚಿಟ್ಟವರಿಗೆ ಅವರು ಹತ್ತಿಪ್ಪತ್ತು ರೂಪಾಯಿ ದಂಡ ವಿಧಿಸುತ್ತಾರೆ. ಮಗಳಿಗೆ ಎಂಜಿನಿಯರಿಂಗ್ ಸೀಟು ದೊರೆತ ಸಂತೋಷಕ್ಕೆ ನೂರು ರೂಪಾಯಿಯನ್ನು ಸದಸ್ಯರೇ ಎದ್ದುನಿಂತು ಡಬ್ಬಿಗೆ ಹಾಕುವುದೂ ಉಂಟು. ಮೊತ್ತ ಅಲ್ಪವಾದರೂ ಅದನ್ನು ಎಲ್ಲರೆದುರು ಎಣಿಸಿ ಖಜಾಂಚಿಗೆ ಒಪ್ಪಿಸುವ ಕ್ರಮದಲ್ಲಿ ಒಂದು ಶಿಸ್ತಿದೆ. ವಂದನಾರ್ಪಣೆ, ರಾಷ್ಟ್ರಗೀತೆ, ಆಮೇಲೆ ಊಟ.

ಈ ಎಲ್ಲ ವಿವರಗಳು ಮರುವಾರದ ಗೃಹಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಒಂದು ಕಾಗದವನ್ನು ಮಡಚಿ ಮಾಡಿದ ನಾಲ್ಕು ಪುಟ, ಕೊನೆಯ ಪುಟದಲ್ಲಿ ಸ್ಥಳೀಯ ಆಭರಣದಂಗಡಿಯ ಜಾಹೀರಾತು. ಹಾಜರಾತಿಯ ಶೇಕಡಾ ಪ್ರಮಾಣವನ್ನೂ ಅದರಲ್ಲಿ ನಮೂದಿಸುವ ವಾಡಿಕೆಯಿತ್ತು. ಈಗ ಆ ಸ್ಥಾನವನ್ನು ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಬಳಗವು ಆಕ್ರಮಿಸಿದೆ. ಸುದ್ದಿ ಬೇಗ ತಲುಪುತ್ತದೆ, ನಿಜ. ಆದರೆ ಹತ್ತು ವರ್ಷಗಳ ಹಿಂದಿನ ನಿರ್ಣಯವೊಂದನ್ನು ಹುಡುಕಬೇಕಾದಾಗ ಕಡತದಲ್ಲಿನ ಗೃಹಪತ್ರಿಕೆ ದೊರೆಯುವಂತೆ ಮೊಬೈಲ್ ಸಂದೇಶ ದೊರೆಯುವುದಿಲ್ಲ.

ನಿರಂತರತೆಯ ಫಲ

ನಿಯಮಿತವಾಗಿ ಸೇರುವುದರಿಂದ ಏನು ಸಾಧ್ಯವೆಂಬುದಕ್ಕೆ ಪೋಲಿಯೋ ನಿರ್ಮೂಲನೆಯೇ ನಿದರ್ಶನ. ರೋಟರಿಯು 1985ರಲ್ಲಿ ಪೋಲಿಯೋಪ್ಲಸ್ ಕಾರ್ಯಕ್ರಮವನ್ನು ಆರಂಭಿಸಿತು. ಭಾರತದಲ್ಲಿ 1995ರಿಂದ ರಾಷ್ಟ್ರವ್ಯಾಪಿ ಪಲ್ಸ್ ಪೋಲಿಯೋ ನಡೆಯಿತು. ಲಸಿಕೆ, ಸಿಬ್ಬಂದಿ, ಯೋಜನೆ ಎಲ್ಲವೂ ಸರ್ಕಾರ ಹಾಗೂ ಆರೋಗ್ಯ ಇಲಾಖೆಯವು. ಸಣ್ಣ ಊರಿನ ರೋಟರಿಯ ಪಾಲು ಚಿಕ್ಕದು: ಜೀಪು ಒದಗಿಸುವುದು, ಬೂತಿನ ಕಾರ್ಯಕರ್ತರಿಗೆ ಉಪಾಹಾರ ಕಳುಹಿಸುವುದು, ಬ್ಯಾನರ್ ಕಟ್ಟಿಸುವುದು, ಬಾರದ ಮನೆಗಳವರಿಗೆ ತಿಳಿಹೇಳುವುದು. ಆದರೆ ಒಂದೇ ವರ್ಷದಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾದರೂ ಭಾನುವಾರದ ಬೂತು ತಪ್ಪಲಿಲ್ಲ. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯವು ಪೋಲಿಯೋಮುಕ್ತವೆಂದು ಪ್ರಮಾಣೀಕೃತವಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇಲ್ಲದಿಲ್ಲ. ಬಸ್ ನಿಲ್ದಾಣದ ಬಳಿ ಕುಡಿಯುವ ನೀರಿನ ಘಟಕವೊಂದನ್ನು ಉದ್ಘಾಟಿಸಿ, ದಾನಿಗಳ ಹೆಸರಿನ ಫಲಕ ಹಾಕಿ, ಪತ್ರಿಕೆಗೆ ಛಾಯಾಚಿತ್ರ ಕಳುಹಿಸಿದ ಮೇಲೆ ಅದರ ಶೋಧಕವನ್ನು ಬದಲಿಸುವವರೇ ಇರುವುದಿಲ್ಲ. ಎರಡು ವರ್ಷಗಳ ನಂತರ ಫಲಕ ಹೊಳೆಯುತ್ತಿರುತ್ತದೆ, ನಲ್ಲಿ ಒಣಗಿರುತ್ತದೆ. ಇಂತಹ ವಿಷಯವನ್ನು ಸಭೆಯಲ್ಲಿ ಎತ್ತಿ ಕೇಳುವವರು ವಾರ ವಾರ ಬರುವ ಹಳೆಯ ಸದಸ್ಯರೇ.

ಎರಡು ಖಾತೆಗಳು

ಸೇವಾ ಸಂಸ್ಥೆಯ ಹಣದಲ್ಲಿ ಎರಡು ಬಗೆ. ಮೊದಲನೆಯದು ಸದಸ್ಯರ ಚಂದಾ. ಅದರಿಂದ ಊಟ, ಸಭಾಭವನ, ಗೃಹಪತ್ರಿಕೆ, ಜಿಲ್ಲಾ ಮತ್ತು ಅಂತಾರಾಷ್ಟ್ರೀಯ ಶುಲ್ಕಗಳ ವೆಚ್ಚ ನಡೆಯಬೇಕು. ಎರಡನೆಯದು ಸಾರ್ವಜನಿಕರಿಂದ ಸೇವಾಕಾರ್ಯಕ್ಕೆಂದು ಪಡೆದ ದೇಣಿಗೆ. ಅದು ಉದ್ದೇಶಿತ ಕಾರ್ಯಕ್ಕೇ ವಿನಿಯೋಗವಾಗಬೇಕು. ಇವೆರಡಕ್ಕೂ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಒಂದರ ಕೊರತೆಯನ್ನು ಇನ್ನೊಂದರಿಂದ ತಾತ್ಕಾಲಿಕವಾಗಿ ತುಂಬುವ ಅಭ್ಯಾಸ ಆರಂಭವಾದರೆ ಅದು ತಾತ್ಕಾಲಿಕವಾಗಿ ಉಳಿಯುವುದಿಲ್ಲ.

ಕೊರತೆ ಹೇಗೆ ಹುಟ್ಟುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. 40 ಸದಸ್ಯರ ಒಂದು ಸಂಸ್ಥೆ, ವಾರ್ಷಿಕ ಚಂದಾ ತಲಾ 12,000 ರೂಪಾಯಿ, ಒಟ್ಟು 4,80,000. ಅಂತಾರಾಷ್ಟ್ರೀಯ ಹಾಗೂ ಜಿಲ್ಲಾ ಶುಲ್ಕ ತಲಾ 8,500ರಂತೆ 3,40,000 ಕಳೆದರೆ ಉಳಿಯುವುದು 1,40,000. ವರ್ಷಕ್ಕೆ 48 ಸಭೆ, ಸರಾಸರಿ 25 ಮಂದಿ ಹಾಜರಾತಿ, ಊಟಕ್ಕೆ ತಲಾ 120 ರೂಪಾಯಿ ಎಂದರೆ 1,44,000. ಪದಪ್ರದಾನ ಸಮಾರಂಭದ ಶಾಮಿಯಾನ ಕಟ್ಟುವ ಮೊದಲೇ ನಾಲ್ಕು ಸಾವಿರ ರೂಪಾಯಿ ಕೊರತೆ. ಅಂತಾರಾಷ್ಟ್ರೀಯ ಶುಲ್ಕವು ಡಾಲರಿನಲ್ಲಿ ನಿಗದಿಯಾಗುವುದರಿಂದ ರೂಪಾಯಿಯ ಮೌಲ್ಯ ಕುಸಿದಂತೆಲ್ಲ ಅದರ ಭಾರವೂ ಏರುತ್ತದೆ. ಇಂತಹ ವೇಳೆ ಪಕ್ಕದಲ್ಲಿಯೇ ಇರುವ ಸೇವಾಖಾತೆಯ ಮೇಲೆ ದೃಷ್ಟಿ ಬೀಳುವುದು ಸಹಜ. ಅಂಗವಿಕಲರ ಗಾಲಿಕುರ್ಚಿಗೆಂದು ಅಂಗಡಿಯವರೊಬ್ಬರು ಕೊಟ್ಟ ಐದು ಸಾವಿರ ರೂಪಾಯಿ ಶಾಮಿಯಾನದ ಬಾಡಿಗೆಯಾದರೆ ಕಳೆದುಹೋಗುವುದು ಐದು ಸಾವಿರ ಮಾತ್ರವಲ್ಲ, ಆ ಊರಿನಲ್ಲಿ ಮುಂದೆ ದೇಣಿಗೆ ಕೇಳುವ ಅರ್ಹತೆ.

ಇನ್ನೊಂದು ತೊಡಕು ವರ್ಷದ ಲೆಕ್ಕದ್ದು. ರೋಟರಿ ವರ್ಷವು ಜುಲೈ 1ರಿಂದ ಜೂನ್ 30ರವರೆಗೆ. ಆದಾಯ ತೆರಿಗೆಗೆ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಸಂಸ್ಥೆಯ ಧರ್ಮದರ್ಶಿ ನಿಧಿಯ ಲೆಕ್ಕಪರಿಶೋಧನೆ ಮಾರ್ಚ್ ಅಂತ್ಯಕ್ಕೆ ಆಗುತ್ತದೆ. ಏಪ್ರಿಲ್, ಮೇ, ಜೂನ್ ತಿಂಗಳುಗಳ ಖರ್ಚು ಹಳೆಯ ಅಧ್ಯಕ್ಷರದ್ದು, ಆದರೆ ಅದು ಬೆಳಕಿಗೆ ಬರುವುದು ಹೊಸ ಅಧ್ಯಕ್ಷರ ಕಾಲದಲ್ಲಿ. ಈ ಮೂರು ತಿಂಗಳುಗಳೇ ಯಾರಿಗೂ ಸೇರದ ಅವಧಿಯಾಗಿಬಿಡುತ್ತವೆ. ಜೂನ್ 30ಕ್ಕೆ ಪ್ರತ್ಯೇಕ ಜಮಾಖರ್ಚು ಪಟ್ಟಿ ಸಿದ್ಧಪಡಿಸಿ, ಜುಲೈ ತಿಂಗಳ ಸಭೆಯಲ್ಲಿ ಓದಿ ಅಂಗೀಕಾರ ಪಡೆಯುವುದೇ ಇದಕ್ಕೆ ಪರಿಹಾರ. ನಗದು ದೇಣಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ತೆರಿಗೆ ವಿನಾಯಿತಿ ದೊರೆಯುವ ನಗದು ದೇಣಿಗೆಯ ಮಿತಿಯನ್ನು 2017ರ ಹಣಕಾಸು ಕಾಯಿದೆಯು ಹತ್ತು ಸಾವಿರದಿಂದ ಎರಡು ಸಾವಿರ ರೂಪಾಯಿಗೆ ಇಳಿಸಿತು. ಇದನ್ನು ಅರಿಯದೆ ದೊಡ್ಡ ಮೊತ್ತವನ್ನು ನಗದಾಗಿ ಪಡೆದು ರಸೀದಿ ಕೊಟ್ಟರೆ, ದಾನಿಯು ವಿನಾಯಿತಿ ಕಳೆದುಕೊಂಡು ಸಂಸ್ಥೆಯ ಮೇಲೆ ಮುನಿಸಿಕೊಳ್ಳುತ್ತಾನೆ.

ಬದಲಾದ ನಿಯಮ

ಹಿಂದೆ ಹಾಜರಾತಿಯ ನಿಯಮ ಬಿಗಿಯಾಗಿತ್ತು. ಸಕಾರಣವಿಲ್ಲದೆ ಸತತ ನಾಲ್ಕು ಸಭೆಗಳಿಗೆ ಗೈರುಹಾಜರಾದವರು ಸದಸ್ಯತ್ವ ಕಳೆದುಕೊಳ್ಳುವ ಸಂಭವವಿತ್ತು. ಸ್ವಂತ ಊರಿನ ಸಭೆ ತಪ್ಪಿದವರು ಬೇರೆ ಊರಿನ ರೋಟರಿ ಸಭೆಗೆ ಹೋಗಿ ಹಾಜರಾತಿ ಸರಿದೂಗಿಸಿಕೊಳ್ಳುತ್ತಿದ್ದರು. ಸರಕು ಖರೀದಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ವರ್ತಕರು ಅಲ್ಲಿನ ಸಭೆಗೆ ಹಾಜರಾಗಿ, ಹೊಸ ಪರಿಚಯಗಳೊಡನೆ ಹಿಂದಿರುಗುತ್ತಿದ್ದುದೂ ಉಂಟು. 2016ರಲ್ಲಿ ಸೇರಿದ ರೋಟರಿಯ ಶಾಸನ ಪರಿಷತ್ತು ಈ ನಿಯಮಗಳನ್ನು ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೆ ಸಾಕೆಂಬ ಅವಕಾಶ ನೀಡಿತು. 2020ರ ಕೊರೊನಾ ಕಾಲದಲ್ಲಿ ಪರದೆಯ ಮೇಲಿನ ಸಭೆಗಳೂ ರೂಢಿಗೆ ಬಂದವು.

ಈ ಸಡಿಲಿಕೆಗೆ ಕಾರಣಗಳಿವೆ. ಆನ್‌ಲೈನ್ ಮಾರಾಟದ ಪೈಪೋಟಿಯಲ್ಲಿ ರಾತ್ರಿ ಒಂಬತ್ತರವರೆಗೂ ಅಂಗಡಿ ತೆರೆದಿಡಬೇಕಾದ ಯುವ ವರ್ತಕರಿಗೆ ವಾರಕ್ಕೊಂದು ಸಂಜೆ ಬಿಡುವು ಕಷ್ಟ. ಮಹಿಳೆಯರಿಗೆ ರೋಟರಿಯು 1989ರಲ್ಲಿ ಸದಸ್ಯತ್ವದ ಬಾಗಿಲು ತೆರೆಯಿತು. ದುಡಿಯುವ ಮಹಿಳೆಯರಿಗೆ ರಾತ್ರಿಯ ಸಭೆ ಅನುಕೂಲಕರವಲ್ಲ. ಖರ್ಚಿನ ವಾದವೂ ಇದೆ. ಮೇಲಿನ ಉದಾಹರಣೆಯಲ್ಲಿ ಸಭೆಗಳನ್ನು 24ಕ್ಕೆ ಇಳಿಸಿದರೆ ಊಟದ ವೆಚ್ಚ 72,000ಕ್ಕೆ ಇಳಿಯುತ್ತದೆ. ಮೇಲ್ನೋಟಕ್ಕೆ ಇದು ಲಾಭದಾಯಕ.

ಆದರೆ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಹಾಕಬಹುದು. 48 ಸಭೆಗಳನ್ನೂ ಉಳಿಸಿಕೊಂಡು, ಊಟದ ಬದಲು ತಲಾ 30 ರೂಪಾಯಿಯ ಉಪ್ಪಿಟ್ಟು, ಚಹಾ ಇಟ್ಟರೆ ವೆಚ್ಚ 36,000 ಮಾತ್ರ. ಸಭೆಯನ್ನು ಅರ್ಧ ಮಾಡಿದ್ದಕ್ಕಿಂತಲೂ ಇದು ಅಗ್ಗ. 1,40,000ದಲ್ಲಿ 1,04,000 ರೂಪಾಯಿ ಉಳಿಯುತ್ತದೆ. ಪದಪ್ರದಾನಕ್ಕೆ ಸೇವಾಖಾತೆಯ ಕಡೆ ನೋಡಬೇಕಾಗುವುದಿಲ್ಲ. ಸಂಜೆ ಆರೂವರೆಗೆ ಸೇರಿ ಏಳೂವರೆಗೆ ಮುಗಿಸಿದರೆ ಮಹಿಳೆಯರಿಗೂ ಅನುಕೂಲ. ಅಂಗಡಿಗೆ ಮರಳುವವರು ಮರಳಬಹುದು. ಬಿಡಬೇಕಾದದ್ದು ಊಟವನ್ನು, ಸಭೆಯನ್ನಲ್ಲ.

ವಾರದ ಸಭೆ ಏಕೆ ಬೇಕೆಂದರೆ, ಅದು ಖರ್ಚಿಲ್ಲದ ಲೆಕ್ಕಪರಿಶೋಧನೆ. ವರ್ಷಾಂತ್ಯದಲ್ಲಿ ಬರುವ ಲೆಕ್ಕಪರಿಶೋಧಕರು ರಸೀದಿ, ಓಚರುಗಳನ್ನು ನೋಡಬಲ್ಲರು. ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಗಾಲಿಕುರ್ಚಿ ಯಾರ ಮನೆಗೆ ಹೋಯಿತು ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಅದೇ ಊರಿನಲ್ಲಿ ವಾಸಿಸುವ ಇಪ್ಪತ್ತೈದು ಮಂದಿ ವಾರಕ್ಕೊಮ್ಮೆ ಎದುರುಬದುರಾಗಿ ಕುಳಿತಾಗ ಅದು ತಾನಾಗಿ ಮಾತಿಗೆ ಬರುತ್ತದೆ. ಪ್ರತಿ ಸಭೆಯಲ್ಲಿಯೂ ಖಜಾಂಚಿಯು ಎರಡೂ ಖಾತೆಗಳ ಶಿಲ್ಕನ್ನು ಎರಡು ಸಾಲಿನಲ್ಲಿ ಓದಿದರೆ ಅದಕ್ಕೆ ತಗಲುವ ಕಾಲ ಒಂದು ನಿಮಿಷ. ಆ ಒಂದು ನಿಮಿಷವು ಕಾರ್ಯಸೂಚಿಯಲ್ಲಿ ಸ್ಥಾನ ಪಡೆಯಲಿ.

ಊರಿನ ಪೇಟೆಯಲ್ಲಿ ಉದ್ರಿ ಕೊಡುವ ವರ್ತಕರು ಗಿರಾಕಿಯ ವರ್ಷದ ಆದಾಯವನ್ನು ಕೇಳುವುದಿಲ್ಲ. ವಾರ ವಾರ ಬಂದು ಬಾಕಿ ತೀರಿಸುತ್ತಾನೆಯೇ ಎಂದು ನೋಡುತ್ತಾರೆ. ಸೇವಾ ಸಂಸ್ಥೆಗೆ ಊರು ಕೊಡುವ ವಿಶ್ವಾಸವೂ ಅಂತಹುದೇ ಉದ್ರಿ. ಅದನ್ನು ವಾರ ವಾರವೂ ತೀರಿಸುತ್ತಿರಬೇಕು.